ಚಳಿಜ್ವರವೂ ನಮ್ಮ ಮೈಯ ಕಾವಲೂ

(ಸೂರತ್ತಿನ ಕತಾರ್‌ಗಾಮಿನಲ್ಲಿ ಕನ್ನಡ ಹೋಟೆಲು ಮತ್ತು ಗಿರಣಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ರಾತ್ರಿ ಪಾಳಿ ಮುಗಿಸಿ ನಿದ್ದೆ ಬಿಟ್ಟು ಬಂದವರು ಕೆಲವರು, ಇನ್ನೆರಡು ತಾಸಿಗೆ ಅಡಿಗೆಮನೆಗೆ ಹೋಗಬೇಕಾದವರು ಕೆಲವರು ಇಲ್ಲಿ ಕುಳಿತಿದ್ದೀರಿ. ಆದುದರಿಂದ ದೊಡ್ಡ ಪೀಠಿಕೆ ಹಾಕುವುದಿಲ್ಲ. ಸಂಬಳದ ಮಾತು, ರಜೆಯ ಮಾತು ಪ್ರತಿ ಸಭೆಯಲ್ಲೂ ಆಡುತ್ತೇವೆ. ಇಂದು ಮೈಯ ಮಾತು ಆಡೋಣ. ಮಲೇರಿಯಾ ಎಂಬ ಚಳಿಜ್ವರ ಬಂದಾಗ ನಮ್ಮ ಮೈಯೊಳಗಿನ ಕಾವಲು ಏನು ಮಾಡುತ್ತದೆ, ಏನು ಮಾಡಲಾರದು ಎಂಬುದೇ ವಿಷಯ. ನಾನು ಡಾಕ್ಟರನಲ್ಲ. ಮಿಡ್ಲ್‌ಸ್ಕೂಲಿನವರೆಗೆ ಓದಿ, ಲೋಟ ತೊಳೆದು, ಸಪ್ಲೈ ಮಾಡಿ, ಆಮೇಲೆ ಸಂಘದ ಕೆಲಸಕ್ಕೆ ಬಂದವನು. ಡಾಕ್ಟರರನ್ನು ಕೇಳಿ, ಪುಸ್ತಕ ಓದಿ ತಿಳಿದುಕೊಂಡದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ.

ಖೋಲಿ ಖೋಲಿ ತಿರುಗುವಾಗ ನನ್ನ ಕಿವಿಗೆ ಬೀಳುವ ಮಾತು ಎರಡು. “ಇಷ್ಟು ವರ್ಷ ಸೊಳ್ಳೆಗಳ ನಡುವೆಯೇ ಮಲಗಿದ್ದೇವೆ, ಮೈಗೆ ರೂಢಿಯಾಗಿ ಹೋಗಿದೆ” ಎಂಬುದು ಒಂದು. “ಜ್ವರ ಬಿಟ್ಟಿತಲ್ಲ, ಇನ್ನು ಗುಳಿಗೆ ಯಾತಕ್ಕೆ?” ಎಂಬುದು ಇನ್ನೊಂದು. ಈ ಎರಡು ಮಾತುಗಳಿಂದ ನಮ್ಮವರು ಎಷ್ಟು ದಿನದ ಕೂಲಿ ಕಳೆದುಕೊಂಡಿದ್ದಾರೆ, ಎಷ್ಟು ರಕ್ತ ಕಳೆದುಕೊಂಡಿದ್ದಾರೆ ಎಂಬುದನ್ನು ನೀವೇ ಬಲ್ಲಿರಿ. ಇವೆರಡಕ್ಕೂ ಉತ್ತರ ನಮ್ಮ ಮೈಯೊಳಗೇ ಇದೆ.

ಮೊದಲು ಶತ್ರುವಿನ ದಾರಿ ನೋಡೋಣ. ೧೮೮೦ರಲ್ಲಿ ಅಲ್ಜೀರಿಯಾದಲ್ಲಿದ್ದ ಲಾವೆರಾನ್ ಎಂಬ ಫ್ರೆಂಚ್ ಸೈನ್ಯದ ಡಾಕ್ಟರು ರೋಗಿಯ ರಕ್ತದಲ್ಲಿ ಮಲೇರಿಯಾದ ಜೀವಾಣುವನ್ನು ಕಂಡರು. ಅದು ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುವುದನ್ನು ೧೮೯೭ರ ಆಗಸ್ಟ್ ೨೦ರಂದು ಸಿಕಂದರಾಬಾದಿನಲ್ಲಿ ಕಂಡವರು ರೊನಾಲ್ಡ್ ರಾಸ್. ಇದೇ ರಾಸ್ ಸಾಹೇಬರು ಅದಕ್ಕೆ ಎರಡು ವರ್ಷ ಮೊದಲು ನಮ್ಮ ಬೆಂಗಳೂರಿನಲ್ಲಿ ಕಾಲರಾ ತಡೆಯುವ ಕೆಲಸಕ್ಕೆ ಬಂದಿದ್ದರು. ಹೆಣ್ಣು ಅನಾಫಿಲಿಸ್ ಸೊಳ್ಳೆ ರಾತ್ರಿ ಕಚ್ಚಿದಾಗ ಅದರ ಎಂಜಲಿನೊಡನೆ ಹತ್ತಾರು ಜೀವಾಣುಗಳು ನಮ್ಮ ಮೈ ಸೇರುತ್ತವೆ. ಆಮೇಲೆ ಒಂದು ವಾರ, ಹತ್ತು ದಿನ ಏನೂ ಇಲ್ಲ. ಜ್ವರವಿಲ್ಲ, ನೋವಿಲ್ಲ, ರಕ್ತ ಪರೀಕ್ಷೆ ಮಾಡಿದರೂ ಏನೂ ಕಾಣುವುದಿಲ್ಲ. ಇಷ್ಟು ದಿನ ಈ ಕಳ್ಳರು ಎಲ್ಲಿದ್ದರು? ರಾಸ್ ಸಾಹೇಬರ ಕಾಲದಿಂದ ಐವತ್ತು ವರ್ಷ ಯಾರಿಗೂ ಇದರ ಪತ್ತೆಯಾಗಲಿಲ್ಲ. ೧೯೪೮ರಲ್ಲಿ ಶಾರ್ಟ್ ಮತ್ತು ಗಾರ್ನಹ್ಯಾಂ ಎಂಬಿಬ್ಬರು ಕಂಡುಹಿಡಿದರು. ಅವು ಈಲಿಯಲ್ಲಿ, ಪುಸ್ತಕದ ಮಾತಿನಲ್ಲಿ ಹೇಳುವುದಾದರೆ ಯಕೃತ್ತಿನಲ್ಲಿ, ಅಡಗಿರುತ್ತವೆ. ಅಲ್ಲಿ ಒಂದು ಜೀವಾಣು ಸಾವಿರಾರಾಗಿ ಒಡೆಯುತ್ತದೆ. ಆ ಸೈನ್ಯ ಒಮ್ಮೆಗೇ ರಕ್ತಕ್ಕೆ ಇಳಿದು ಕೆಂಪು ಕಣಗಳೊಳಗೆ ನುಗ್ಗುತ್ತದೆ. ಕಣದೊಳಗೆ ಕುಳಿತು ತಿಂದು, ಹತ್ತಿಪ್ಪತ್ತಾಗಿ, ಸುಮಾರು ೪೮ ತಾಸಿಗೆ ಕಣವನ್ನು ಸೀಳಿಕೊಂಡು ಹೊರಬಿದ್ದು, ಮತ್ತೆ ಹೊಸ ಕಣಗಳನ್ನು ಹಿಡಿಯುತ್ತದೆ.

ಈಗ ನಮ್ಮ ಕಾವಲಿನ ಮಾತು. ಮೈ ಸುಮ್ಮನೆ ಬಿದ್ದುಕೊಂಡು ಏಟು ತಿನ್ನುವುದಿಲ್ಲ. ಕಣಗಳು ಸೀಳಿದಾಗ ಜೀವಾಣುಗಳ ಜೊತೆಗೆ ಅವುಗಳ ಕಸವೂ ರಕ್ತಕ್ಕೆ ಚೆಲ್ಲುತ್ತದೆ. ಅದನ್ನು ಮುಟ್ಟಿದ ಕೂಡಲೇ ಬಿಳಿ ರಕ್ತಕಣಗಳು ಗಿರಣಿಯ ಭೋಂಗಾ ಕೂಗಿದ ಹಾಗೆ ಎಚ್ಚರಿಕೆಯ ರಸಗಳನ್ನು ಬಿಡುತ್ತವೆ. ಆ ರಸಗಳು ಮಿದುಳಿಗೆ ಹೋಗಿ ಮೈಯ ಕಾವನ್ನು ಏರಿಸಲು ಹೇಳುತ್ತವೆ. ಕಾವು ಏರಿಸಬೇಕಾದರೆ ಮಾಂಸಖಂಡಗಳು ಅದುರಬೇಕು. ಮೂರು ಕಂಬಳಿ ಹೊದ್ದರೂ ಹಲ್ಲು ಕಟಕಟ ಎನ್ನುವುದು ಇದರಿಂದಲೇ. ಆಮೇಲೆ ಬೆಂಕಿಯಂಥ ಜ್ವರ, ಆಮೇಲೆ ಬೆವರು. ನಡುವೆ ಒಂದು ದಿನ ಬಿಟ್ಟು ಮತ್ತೆ ಅದೇ ಹೊತ್ತಿಗೆ ಚಳಿ. ೪೮ ತಾಸಿನ ಗಡಿಯಾರ ಅದು. ಆದುದರಿಂದ ಚಳಿಯೂ ಜ್ವರವೂ ಜೀವಾಣು ಮಾಡುವ ಕೆಲಸವಲ್ಲ. ನಮ್ಮ ಕಾವಲು ಮಾಡುವ ಯುದ್ಧದ ಸದ್ದು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಎರಡನೆಯ ಕಾವಲುಗಾರ ಗುಲ್ಮ. ಎಡಗಡೆ ಪಕ್ಕೆಲುಬಿನ ಕೆಳಗೆ ಇರುವ ಅಂಗ. ಗಿರಣಿಯ ಗೇಟಿನಲ್ಲಿ ಒಬ್ಬೊಬ್ಬರನ್ನೇ ತಡವಿ ಒಳಗೆ ಬಿಡುವ ಹಾಗೆ ಇದು ಪ್ರತಿಯೊಂದು ಕೆಂಪು ಕಣವನ್ನೂ ಇಕ್ಕಟ್ಟಾದ ಸಂದಿಯಲ್ಲಿ ತೂರಿಸಿ ಪರೀಕ್ಷಿಸುತ್ತದೆ. ಜೀವಾಣು ಹೊಕ್ಕ ಕಣ ಗಡುಸಾಗಿರುತ್ತದೆ, ಸಂದಿಯಲ್ಲಿ ತೂರಲಾರದು, ಅಲ್ಲೇ ಸಿಕ್ಕಿಬೀಳುತ್ತದೆ. ಅಲ್ಲಿರುವ ನುಂಗುವ ಕಣಗಳು ಅದನ್ನು ನುಂಗಿ ಹಾಕುತ್ತವೆ. ಕೆಲಸ ಹೆಚ್ಚಾದಂತೆ ಗುಲ್ಮ ಊದುತ್ತದೆ. ಇದನ್ನೇ ನಮ್ಮ ಹಿರಿಯರು ಜ್ವರಗಡ್ಡೆ ಎಂದು ಕರೆದರು. ಶಿರಸಿ, ಯಲ್ಲಾಪುರ, ಸೂಪದ ಕಡೆಯವರು ಇಲ್ಲಿದ್ದರೆ ಅವರ ಅಜ್ಜಂದಿರಿಗೆ ಈ ಮಾತು ಚೆನ್ನಾಗಿ ಗೊತ್ತಿತ್ತು. ಮಲೇರಿಯಾ ಎಷ್ಟಿದೆ ಎಂದು ತಿಳಿಯಲು ಸರಕಾರದ ಡಾಕ್ಟರರು ಹಳ್ಳಿಗೆ ಹೋಗಿ ಮಕ್ಕಳ ಹೊಟ್ಟೆ ಮುಟ್ಟಿ ನೋಡುತ್ತಿದ್ದರು. ನೂರು ಮಕ್ಕಳಲ್ಲಿ ಎಷ್ಟು ಮಕ್ಕಳಿಗೆ ಗಡ್ಡೆ ಕೈಗೆ ಸಿಗುತ್ತದೆಯೋ ಅದೇ ಆ ಊರಿನ ಮಲೇರಿಯಾದ ಅಳತೆ. ಘಟ್ಟದ ಎಷ್ಟೋ ಊರುಗಳು ಹಾಳುಬಿದ್ದದ್ದಕ್ಕೆ ಈ ಜ್ವರವೂ ಒಂದು ಕಾರಣ.

ಈ ಗಡ್ಡೆಯ ಜೊತೆ ಕೂಲಿಗಾರರ ಒಂದು ಕಹಿ ಇತಿಹಾಸ ಅಂಟಿಕೊಂಡಿದೆ. ಊದಿದ ಗುಲ್ಮ ಸಣ್ಣ ಏಟಿಗೂ ಒಡೆಯಬಲ್ಲದು. ಬ್ರಿಟಿಷರ ಕಾಲದಲ್ಲಿ ಸಾಹೇಬರು ಆಳನ್ನು ಹೊಡೆದು ಆತ ಸತ್ತರೆ, “ಅವನಿಗೆ ಗುಲ್ಮದ ರೋಗವಿತ್ತು, ಅದರಿಂದ ಸತ್ತ” ಎಂಬುದೇ ಕೋರ್ಟಿನ ಮಾತು. ಆಗ್ರಾದಲ್ಲಿ ಫುಲ್ಲರ್ ಎಂಬ ಇಂಗ್ಲಿಷ್ ವಕೀಲನು ಕುದುರೆಗಾಡಿ ತರಲು ತಡಮಾಡಿದನೆಂದು ಕತ್ವಾರೂ ಎಂಬ ತನ್ನ ಸಾಯಿಸನನ್ನು ಹೊಡೆದನು. ಆತ ಗುಲ್ಮ ಒಡೆದು ಸತ್ತನು. ವಕೀಲನಿಗೆ ಆದ ಶಿಕ್ಷೆ ೩೦ ರೂಪಾಯಿ ದಂಡ. ೧೮೭೬ರಲ್ಲಿ ವೈಸರಾಯ್ ಲಿಟ್ಟನ್ನರೇ ಇದು ನ್ಯಾಯವಲ್ಲವೆಂದು ಬರೆಯಬೇಕಾಯಿತು. ಬಡವನ ಮೈ ರೋಗದೊಡನೆ ಹೋರಾಡಿ ದಣಿದದ್ದನ್ನೇ ಹೊಡೆದವನಿಗೆ ರಕ್ಷಣೆಯಾಗಿ ಮಾಡಿಕೊಟ್ಟರು. ಇಂದಿಗೂ ಚಳಿಜ್ವರದಿಂದ ಎದ್ದವನು ಕೂಡಲೇ ಗೋಣಿಮೂಟೆ ಹೊರಬಾರದು, ಹೊಡೆದಾಟ ನೂಕಾಟಕ್ಕೆ ಸಿಗಬಾರದು ಎಂಬುದಕ್ಕೆ ಇದೂ ಒಂದು ಕಾರಣ.

ಮೂರನೆಯದು ಕಲಿತು ಬರುವ ಕಾವಲು. ಒಂದು ಸಲ ಕಂಡ ಶತ್ರುವಿನ ಗುರುತನ್ನು ಕೆಲವು ಬಿಳಿ ಕಣಗಳು ಇಟ್ಟುಕೊಳ್ಳುತ್ತವೆ. ಆ ಗುರುತಿಗೆ ಸರಿಯಾಗಿ ಹೊಂದುವ ಪ್ರತಿಕಾಯಗಳೆಂಬ ವಸ್ತುಗಳನ್ನು ತಯಾರಿಸಿ ರಕ್ತಕ್ಕೆ ಬಿಡುತ್ತವೆ. ಅವು ಜೀವಾಣುವಿಗೆ ಅಂಟಿಕೊಂಡು ಕೆಂಪು ಕಣದೊಳಗೆ ಹೋಗದಂತೆ ತಡೆಯುತ್ತವೆ, ನುಂಗುವ ಕಣಗಳಿಗೆ ಹಿಡಿದುಕೊಡುತ್ತವೆ. ಜರ್ಮನಿಯ ರಾಬರ್ಟ್ ಕಾಕ್ ಎಂಬ ಪ್ರಸಿದ್ಧ ಡಾಕ್ಟರರು ೧೮೯೯–೧೯೦೦ರ ಸುಮಾರಿಗೆ ಜಾವಾ ಮತ್ತು ನ್ಯೂಗಿನಿಗೆ ಹೋಗಿದ್ದಾಗ ಮಲೇರಿಯಾ ತುಂಬಿದ ಹಳ್ಳಿಗಳಲ್ಲಿ ಮಕ್ಕಳ ರಕ್ತದಲ್ಲಿ ಜೀವಾಣು ತುಂಬಿರುವುದನ್ನೂ ದೊಡ್ಡವರ ರಕ್ತದಲ್ಲಿ ವಿರಳವಾಗಿರುವುದನ್ನೂ ಕಂಡರು. ಮತ್ತೆ ೧೯೬೧ರಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿ ಕೋಹೆನ್, ಮ್ಯಾಕ್‌ಗ್ರೆಗರ್ ಮುಂತಾದವರು ದೊಡ್ಡವರ ರಕ್ತದಿಂದ ಪ್ರತಿಕಾಯಗಳನ್ನು ಬೇರ್ಪಡಿಸಿ, ಮಲೇರಿಯಾದಿಂದ ನರಳುವ ಮಕ್ಕಳಿಗೆ ಚುಚ್ಚಿದರು. ಕೆಲವೇ ದಿನಗಳಲ್ಲಿ ಮಕ್ಕಳ ರಕ್ತದಲ್ಲಿ ಜೀವಾಣು ಇಳಿದುಹೋಯಿತು. ದೊಡ್ಡವರು ಕಲಿತ ವಿದ್ಯೆ ರಕ್ತದಲ್ಲೇ ಇತ್ತೆಂಬುದು ಹೀಗೆ ಸಿದ್ಧವಾಯಿತು. ತಾಯಿಯ ಪ್ರತಿಕಾಯಗಳು ಹೊಟ್ಟೆಯ ಮಗುವಿಗೂ ಹೋಗಿ ಹುಟ್ಟಿದ ಮೇಲೆ ಕೆಲವು ತಿಂಗಳು ಕಾಯುತ್ತವೆ.

“ನೋಡಿದಿರಾ, ಮೈಗೆ ರೂಢಿಯಾಗುತ್ತದೆ ಎಂದು ನಾವು ಹೇಳಿದ್ದು ಸುಳ್ಳಲ್ಲ” ಎಂದು ಯಾರಾದರೂ ಅಂದಾರು. ತಾಳಿರಿ. ಆ ವಿದ್ಯೆಗೆ ಏನು ಫೀಸು ಕೊಟ್ಟರು ಎಂದು ಕೇಳಿರಿ. ಆಫ್ರಿಕಾದ ಆ ಹಳ್ಳಿಗಳಲ್ಲಿ ವರ್ಷವರ್ಷವೂ ಮತ್ತೆ ಮತ್ತೆ ಜ್ವರ ಬಂದು, ಐದು ವರ್ಷದೊಳಗೆ ಎಷ್ಟೋ ಮಕ್ಕಳು ಸತ್ತು, ಉಳಿದವರು ಮಾತ್ರ ಕಲಿತರು. ಮಕ್ಕಳ ಪ್ರಾಣವೇ ಆ ಫೀಸು. ಕಲಿತವರಿಗೂ ಪೂರ್ತಿ ರಕ್ಷಣೆಯಿಲ್ಲ. ಜ್ವರ ಜೋರಾಗುವುದಿಲ್ಲ ಅಷ್ಟೆ. ರಕ್ತದಲ್ಲಿ ಸ್ವಲ್ಪ ಜೀವಾಣು ಉಳಿದೇ ಇರುತ್ತದೆ. ಅಂಥವನನ್ನು ಕಚ್ಚಿದ ಸೊಳ್ಳೆ ಪಕ್ಕದಲ್ಲಿ ಮಲಗಿದವನಿಗೆ ಅದನ್ನು ಹಂಚುತ್ತದೆ. ತನಗೆ ಏನೂ ಆಗಿಲ್ಲವೆಂದು ಎದೆ ತಟ್ಟಿಕೊಳ್ಳುವವನೇ ಖೋಲಿಯ ಉಳಿದವರಿಗೆಲ್ಲ ಜ್ವರ ಬಡಿಸುವವನಾಗಬಹುದು.

ಸಿಡುಬು, ದಡಾರ ಒಂದು ಸಲ ಬಂದರೆ ಮೈ ಜನ್ಮಕ್ಕೆ ಕಲಿಯುತ್ತದೆ. ಮಲೇರಿಯಾವನ್ನು ಕಲಿಯಲು ಇಷ್ಟು ಕಷ್ಟವೇಕೆ? ಶತ್ರು ವೇಷಗಾರ. ಈಲಿಯಲ್ಲಿ ಒಂದು ವೇಷ, ರಕ್ತದಲ್ಲಿ ಇನ್ನೊಂದು. ಯಕ್ಷಗಾನದ ಮೇಳದಲ್ಲಿ ಒಬ್ಬನೇ ಸಂಜೆ ಬಾಲಗೋಪಾಲನಾಗಿ, ಬೆಳಗಿನ ಜಾವ ರಾಕ್ಷಸನಾಗಿ ಬಂದ ಹಾಗೆ. ಒಂದು ವೇಷದ ಗುರುತು ಇಟ್ಟುಕೊಂಡ ಕಾವಲುಗಾರನಿಗೆ ಇನ್ನೊಂದು ತಿಳಿಯದು. ಮೇಲಾಗಿ ಕೆಂಪು ಕಣವೇ ಒಳ್ಳೆಯ ಅಡಗುತಾಣ. ಮೈಯ ಬೇರೆ ಜೀವಕೋಶಗಳು ತಮ್ಮೊಳಗೆ ಕಳ್ಳ ಹೊಕ್ಕರೆ ಅವನ ಚೂರೊಂದನ್ನು ಬಾಗಿಲ ಮೇಲೆ ತೂಗಹಾಕಿ ಕಾವಲಿಗೆ ತಿಳಿಸುತ್ತವೆ. ಕೆಂಪು ಕಣಕ್ಕೆ ಆ ಏರ್ಪಾಡಿಲ್ಲ. ಫಾಲ್ಸಿಪಾರಮ್ ಎಂಬ ಕೊಲ್ಲುವ ಜಾತಿ ಇನ್ನೂ ಒಂದು ಹೆಜ್ಜೆ ಮುಂದೆ. ಅದು ಹೊಕ್ಕ ಕಣ ಗುಲ್ಮದ ಗೇಟಿಗೆ ಹೋಗುವುದೇ ಇಲ್ಲ. ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಂಡು ಕುಳಿತುಬಿಡುತ್ತದೆ. ಮಿದುಳಿನ ನಾಳಗಳಲ್ಲಿ ಹಾಗೆ ಅಂಟಿದರೆ ಜ್ಞಾನ ತಪ್ಪಿ ಪ್ರಾಣಕ್ಕೆ ಬರುತ್ತದೆ. ಹಾಗೆ ಅಂಟಿಕೊಳ್ಳಲು ಹೊರಗೆ ಚಾಚುವ ಕೊಂಡಿಗೆ ಸುಮಾರು ೬೦ ಬಗೆಯ ಅಂಗಿಗಳಿವೆ. ಕಾವಲು ಒಂದರ ಗುರುತು ಹಿಡಿಯುವಷ್ಟರಲ್ಲಿ ಅದು ಇನ್ನೊಂದನ್ನು ತೊಟ್ಟಿರುತ್ತದೆ.

ಕಾವಲಿನ ಏಟು ಕೆಲವೊಮ್ಮೆ ನಮ್ಮವರಿಗೇ ಬೀಳುತ್ತದೆ ಎಂಬುದನ್ನೂ ಹೇಳಬೇಕು. ಲಾಠಿ ಬೀಸಿದಾಗ ದಾರಿಹೋಕನಿಗೂ ಬೀಳುವ ಹಾಗೆ ಜೀವಾಣು ಹೊಗದ ಒಳ್ಳೆಯ ಕೆಂಪು ಕಣಗಳೂ ಈ ಗಲಾಟೆಯಲ್ಲಿ ಬಹಳ ನಾಶವಾಗುತ್ತವೆ. ಜ್ವರ ಬಿಟ್ಟು ವಾರಗಳಾದರೂ ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುವುದು, ಲೂಮಿನ ಮುಂದೆ ನಿಂತರೆ ಕಣ್ಣು ಕತ್ತಲಿಡುವುದು ಇದರಿಂದ. ಇದು ಸೋಮಾರಿತನವಲ್ಲ. ಮಾಲೀಕರಿಗೂ ಮುಕಾದಮರಿಗೂ ಈ ಮಾತು ತಿಳಿಯಬೇಕು.

ಈಗ ನಮ್ಮಂಥ ಊರು ಬಿಟ್ಟವರ ಮಾತಿಗೆ ಬರುತ್ತೇನೆ. ಕಲಿತ ಕಾವಲಿಗೆ ಇನ್ನೊಂದು ದೌರ್ಬಲ್ಯವುಂಟು: ಶತ್ರು ಕಾಣದಿದ್ದರೆ ಅದು ಸಡಿಲವಾಗುತ್ತದೆ. ಮಲೇರಿಯಾದ ಊರಿನಲ್ಲಿ ಬೆಳೆದವನು ಕೆಲವು ವರ್ಷ ಮಲೇರಿಯಾ ಇಲ್ಲದ ಕಡೆ ಇದ್ದು ತಿರುಗಿ ಹೋದರೆ ಅವನಿಗೂ ಜೋರಾದ ಜ್ವರ ಬರಬಹುದು. ಹಳೆಯ ನೆನಪು ಪೂರ್ತಿ ಅಳಿಯದಿದ್ದರೂ ಅದನ್ನು ನಂಬಿ ಮಲಗುವಂತಿಲ್ಲ. ಇನ್ನು ನಮ್ಮ ಊರುಗಳಲ್ಲಿ ಏನಾಯಿತು ನೋಡಿ. ೧೯೪೬ರಿಂದ ಆಗಿನ ಮುಂಬಯಿ ಪ್ರಾಂತದ ಉತ್ತರ ಕನ್ನಡ, ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಡಾಕ್ಟರ್ ಡಿ. ಕೆ. ವಿಶ್ವನಾಥನ್ನರು ಮನೆಮನೆಯ ಗೋಡೆಗೆ ಡಿ.ಡಿ.ಟಿ. ಹೊಡೆಸಿದರು. ಜ್ವರ ಇಳಿಯಿತು, ಮಕ್ಕಳ ಗಡ್ಡೆ ಇಳಿಯಿತು. ೧೯೫೩ರಲ್ಲಿ ದೇಶಕ್ಕೆಲ್ಲ ಮಲೇರಿಯಾ ನಿಯಂತ್ರಣದ ಯೋಜನೆ ಬಂತು. ಸ್ವಾತಂತ್ರ್ಯ ಬಂದಾಗ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಜ್ವರ, ಎಂಟು ಲಕ್ಷ ಸಾವು ಎಂಬ ಅಂದಾಜಿದ್ದರೆ, ೧೯೬೫ರಲ್ಲಿ ಜ್ವರದ ಲೆಕ್ಕ ಒಂದು ಲಕ್ಷಕ್ಕೆ ಇಳಿಯಿತು. ಗೆದ್ದೆವೆಂದು ಕೈ ಸಡಿಲ ಬಿಟ್ಟರು, ಸೊಳ್ಳೆ ಡಿ.ಡಿ.ಟಿ.ಗೆ ಬಗ್ಗದಾಯಿತು, ೧೯೭೬ರಲ್ಲಿ ಅದೇ ಲೆಕ್ಕ ೬೪ ಲಕ್ಷ ದಾಟಿತು. ಜ್ವರ ಕಾಣದೆ ಬೆಳೆದ ಮೈಗಳು ಆಗ ಪಾಠವಿಲ್ಲದೆ ಪರೀಕ್ಷೆಗೆ ಕುಳಿತವು.

ಇದರ ಅರ್ಥವೇನು? ರೋಗ ಕಡಿಮೆಯಾದದ್ದು ಒಳ್ಳೆಯದೇ. ಆದರೆ ಅಜ್ಜನ ಮೈ ಕಲಿತದ್ದು ಮೊಮ್ಮಗನಿಗೆ ಆಸ್ತಿಯಾಗಿ ಬರುವುದಿಲ್ಲ. ಇಂದು ಕುಂದಾಪುರದಿಂದಲೋ ಹೊನ್ನಾವರದಿಂದಲೋ ರೈಲು ಹತ್ತಿ ಸೂರತ್ತಿಗೆ ಇಳಿಯುವ ಹುಡುಗನ ರಕ್ತಕ್ಕೆ ಈ ವಿದ್ಯೆ ಇಲ್ಲ. ಇಲ್ಲೇ ಹತ್ತು ವರ್ಷ ಇದ್ದವನಿಗೂ ಇಲ್ಲ. ನಮ್ಮ ಪಟ್ಟಣಗಳಲ್ಲಿ ಮೈ ಪೂರ್ತಿ ಕಲಿಯುವಷ್ಟು ಮಲೇರಿಯಾ ಬರುವುದಿಲ್ಲ, ಹಾಸಿಗೆ ಹಿಡಿಸುವಷ್ಟು ಬರುತ್ತದೆ. “ರೂಢಿಯಾಗಿದೆ” ಎನ್ನುವವನಿಗೆ ರೂಢಿಯಾಗಿರುವುದು ಸೊಳ್ಳೆಯ ಕಡಿತದ ತುರಿಕೆ, ಮಲೇರಿಯಾ ಅಲ್ಲ.

ಹುಟ್ಟಿನಿಂದಲೇ ಸ್ವಲ್ಪ ರಕ್ಷಣೆ ಪಡೆದ ಜನರೂ ಇದ್ದಾರೆ. ನಮ್ಮ ಜೊತೆ ದುಡಿಯುವ ದಕ್ಷಿಣ ಗುಜರಾತಿನ ಆದಿವಾಸಿ ಬಂಧುಗಳಲ್ಲಿ ಕೆಲವರ ರಕ್ತದಲ್ಲಿ ಕುಡುಗೋಲು ಕಣದ ಗುಣವಿದೆ. ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಅದು ಬಂದಿದ್ದರೆ ಫಾಲ್ಸಿಪಾರಮ್ ಮಲೇರಿಯಾ ಪ್ರಾಣಾಂತಿಕವಾಗುವುದು ಕಡಿಮೆ ಎಂದು ೧೯೫೪ರಲ್ಲಿ ಆಲಿಸನ್ ಎಂಬವರು ಆಫ್ರಿಕಾದಲ್ಲಿ ತೋರಿಸಿದರು. ಇಬ್ಬರಿಂದಲೂ ಬಂದರೆ ಅದೇ ಘೋರ ರೋಗ. ಅದೂ ಪುಕ್ಕಟೆ ವರವಲ್ಲ.

ಎರಡನೆಯ ಪ್ರಶ್ನೆಗೆ ಬರೋಣ: ಜ್ವರ ಬಿಟ್ಟ ಮೇಲೆ ಗುಳಿಗೆ ಯಾತಕ್ಕೆ? ಜ್ವರವೆಂದರೆ ಕಾವಲಿನ ಯುದ್ಧದ ಸದ್ದು ಎಂದೆನಲ್ಲ. ಸದ್ದು ನಿಂತಿತೆಂದರೆ ರಕ್ತದಲ್ಲಿ ಜೀವಾಣು ಕಡಿಮೆಯಾಯಿತು ಎಂದಷ್ಟೇ ಅರ್ಥ, ಮುಗಿಯಿತು ಎಂದಲ್ಲ. ನಮ್ಮಲ್ಲಿ ಬಹಳವಾಗಿರುವ ವೈವಾಕ್ಸ್ ಎಂಬ ಜಾತಿಗೆ ಒಂದು ವಿಶೇಷ ಕಪಟವಿದೆ. ಅದರ ಕೆಲವು ಜೀವಾಣುಗಳು ಈಲಿಯಲ್ಲೇ ಮಲಗಿಬಿಡುತ್ತವೆ. ಬೆಳೆಯುವುದಿಲ್ಲ, ಒಡೆಯುವುದಿಲ್ಲ, ಸದ್ದಿಲ್ಲ. ಕಾವಲಿಗೆ ಅವು ಕಣ್ಣಿಗೆ ಬೀಳುವುದೇ ಇಲ್ಲ. ತಿಂಗಳಿಗೋ, ಆರು ತಿಂಗಳಿಗೋ, ವರ್ಷಕ್ಕೋ ಎಚ್ಚೆತ್ತು ಮತ್ತೆ ರಕ್ತಕ್ಕೆ ಇಳಿಯುತ್ತವೆ. ಹೊಸ ಸೊಳ್ಳೆಯೇ ಬೇಕಾಗಿಲ್ಲ.

ವೈವಾಕ್ಸ್ ಎಂದು ತಿಳಿದರೆ ಮೂರು ದಿನ ಕ್ಲೋರೋಕ್ವಿನ್ ಕೊಡುತ್ತಾರೆ. ಅದು ರಕ್ತದಲ್ಲಿರುವವನ್ನು ಕೊಲ್ಲುತ್ತದೆ. ಜೊತೆಗೆ ಹದಿನಾಲ್ಕು ದಿನ ಪ್ರಿಮಾಕ್ವಿನ್ ಕೊಡುತ್ತಾರೆ. ಅದು ಈಲಿಯಲ್ಲಿ ಮಲಗಿರುವವನ್ನು ಕೊಲ್ಲಲಿಕ್ಕೆ. ನಮ್ಮವರು ಮೂರನೆಯ ದಿನ ಜ್ವರ ಬಿಟ್ಟ ಕೂಡಲೇ ಹದಿನಾಲ್ಕು ದಿನದ ಚೀಟಿಯನ್ನು ತಲೆದಿಂಬಿನ ಕೆಳಗೆ ಹಾಕುತ್ತಾರೆ. ನಾನು ಬಲ್ಲ ಒಬ್ಬ ಸಪ್ಲೈಯರ್ ಹುಡುಗ ಹೀಗೆಯೇ ಮಾಡಿ ಒಂದು ವರ್ಷದಲ್ಲಿ ಮೂರು ಸಲ ಮಲಗಿದ. ಪ್ರತಿ ಸಲವೂ ಹೋಟೆಲಿನ ಸೊಳ್ಳೆಯನ್ನು ಬೈದ. ಮೂರನೆಯ ಸಲ ಅವನ ಜಾಗಕ್ಕೆ ಬದಲಿ ಹುಡುಗ ಬಂದು ಕುಳಿತಿದ್ದ. ಊರಿಗೆ ಕಳಿಸಬೇಕಾದ ಹಣ ನಿಂತಿತು. ಹದಿನಾಲ್ಕು ದಿನ ಗುಳಿಗೆ ನುಂಗದ್ದಕ್ಕೆ ಆತ ಕೊಟ್ಟ ಬೆಲೆ ಅದು.

ಒಂದು ಎಚ್ಚರಿಕೆ. ಕೆಲವರ ಕೆಂಪು ಕಣಗಳಲ್ಲಿ ಜಿ-೬-ಪಿ-ಡಿ ಎಂಬ ವಸ್ತು ಹುಟ್ಟಿನಿಂದಲೇ ಕಡಿಮೆ. ಅವರಿಗೆ ಪ್ರಿಮಾಕ್ವಿನ್ ಕೊಟ್ಟರೆ ರಕ್ತಕಣ ಒಡೆಯುತ್ತದೆ. ಗುಳಿಗೆ ನುಂಗುವಾಗ ಮೂತ್ರ ಕಪ್ಪು ಚಹದ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ ನಿಲ್ಲಿಸಿ ಕೂಡಲೇ ಡಾಕ್ಟರ ಬಳಿ ಓಡಬೇಕು. ಬಸುರಿಯರಿಗೆ, ಹಸುಗೂಸುಗಳಿಗೆ ಈ ಗುಳಿಗೆ ಕೂಡದು. ಬಸುರಿನಲ್ಲಿ ಹೆಂಗಸರ ಕಾವಲೂ ಸಡಿಲವಾಗುತ್ತದೆ, ಮಲೇರಿಯಾ ತಾಯಿಗೂ ಮಗುವಿಗೂ ಅಪಾಯ. ಆದುದರಿಂದ ಪಕ್ಕದವನ ಚೀಟಿಯ ಗುಳಿಗೆಯನ್ನು ಹಂಚಿಕೊಳ್ಳುವ ಪದ್ಧತಿ ಬಿಡಿ. ಫಾಲ್ಸಿಪಾರಮ್ಮಿಗೆ ಔಷಧವೇ ಬೇರೆ. ಯಾವ ಜಾತಿ ಎಂದು ಹೇಳುವುದು ಬೆರಳಿನ ಒಂದು ಹನಿ ರಕ್ತ ಮಾತ್ರ.

ಲಸಿಕೆ ಬಂದಿಲ್ಲವೆ ಎಂದು ಕೇಳುತ್ತೀರಿ. ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆ ೨೦೨೧ರಲ್ಲಿ ಒಂದನ್ನು, ೨೦೨೩ರಲ್ಲಿ ಇನ್ನೊಂದನ್ನು ಒಪ್ಪಿತು. ಎರಡನೆಯದನ್ನು ನಮ್ಮ ಪುಣೆಯಲ್ಲೇ ತಯಾರಿಸುತ್ತಾರೆ. ಆದರೆ ಅವು ಫಾಲ್ಸಿಪಾರಮ್ ತುಂಬಿರುವ ಕಡೆಯ, ಮುಖ್ಯವಾಗಿ ಆಫ್ರಿಕಾದ, ಮಕ್ಕಳಿಗಾಗಿ. ನಾಲ್ಕು ಸಲ ಚುಚ್ಚಬೇಕು, ರಕ್ಷಣೆ ಪೂರ್ತಿಯಲ್ಲ, ವೈವಾಕ್ಸಿಗೆ ನಾಟುವುದಿಲ್ಲ. ಅಷ್ಟು ದೊಡ್ಡ ವಿಜ್ಞಾನಿಗಳ ಲಸಿಕೆಯೇ ಮೈಗೆ ಅರ್ಧ ಪಾಠ ಕಲಿಸಲು ಒದ್ದಾಡುತ್ತಿರುವಾಗ, ಸೊಳ್ಳೆ ಕಚ್ಚಿಸಿಕೊಂಡೇ ಕಲಿಯುತ್ತೇವೆನ್ನುವುದು ಯಾವ ಬುದ್ಧಿ?

ಮೈಯ ಕಾವಲು ಎಲ್ಲಿ ಸಾಲದೋ ಅಲ್ಲಿ ಕೂಡಿ ಕಾಯಬೇಕು. ಈ ಊರಿಗೇ ಅದರ ಪಾಠವಿದೆ. ೧೯೯೪ರ ಸಪ್ಟೆಂಬರಿನಲ್ಲಿ ಸೂರತ್ತಿನಲ್ಲಿ ಪ್ಲೇಗು ಬಂದಾಗ ಲಕ್ಷಾಂತರ ಕೆಲಸಗಾರರು ರೈಲು ಹತ್ತಿ ಓಡಿದರು. ೧೯೯೫ರಲ್ಲಿ ಎಸ್. ಆರ್. ರಾವ್ ಅವರು ಮಹಾನಗರಪಾಲಿಕೆಯ ಕಮಿಷನರಾಗಿ ಬಂದ ಮೇಲೆ ಗಲ್ಲಿಗಲ್ಲಿಯ ಕಸ ಎತ್ತಿಸಿದರು, ಹೋಟೆಲುಗಳ ಅಡಿಗೆಮನೆಯನ್ನೂ ಬಿಡದೆ ನೋಡಿಸಿದರು. ಹೊಲಸು ಊರೆಂದು ಹೆಸರಾದದ್ದು ಸ್ವಚ್ಛ ಊರೆಂದು ಹೆಸರಾಯಿತು. ಪೊರಕೆ ಹಿಡಿದವರು ನಮ್ಮಂಥ ಕಾರ್ಮಿಕರೇ. ಗುಜರಾತಿನ ಖೇಡಾ ಜಿಲ್ಲೆಯ ನಡಿಯಾದಿನ ಸುತ್ತ ೧೯೮೩ರಿಂದ ಡಾಕ್ಟರ್ ವಿ. ಪಿ. ಶರ್ಮಾ ಮತ್ತು ಅವರ ಜೊತೆಯವರು ಹೊಂಡ ಮುಚ್ಚಿಸಿ, ನೀರಿಗೆ ಗಪ್ಪಿ ಮೀನು ಬಿಟ್ಟು ಹಳ್ಳಿಯವರನ್ನೇ ಕೂಡಿಸಿಕೊಂಡು ಮಲೇರಿಯಾ ಇಳಿಸಿ ತೋರಿಸಿದರು.

ಪಟ್ಟಣದ ಮಲೇರಿಯಾ ಸೊಳ್ಳೆ ಗಟಾರದ್ದಲ್ಲ, ಒಳ್ಳೆಯ ನೀರಿನದು. ಮಾಳಿಗೆಯ ಟಾಂಕಿ, ಕಟ್ಟಡ ಕಟ್ಟುವಲ್ಲಿ ನಿಲ್ಲಿಸಿದ ನೀರು, ಮುಚ್ಚಳವಿಲ್ಲದ ಪೀಪಾಯಿ, ಇವೇ ಅದರ ತೊಟ್ಟಿಲು. ೧೯೯೦ರ ನಂತರ ನಮ್ಮ ಮಂಗಳೂರಿನಲ್ಲಿ ಮಲೇರಿಯಾ ಏರಿದ್ದರಲ್ಲಿ ಕಟ್ಟಡದ ನೀರಿನ ಪಾಲು ದೊಡ್ಡದು. ಇಲ್ಲಿ ಹೋಟೆಲು ಹುಡುಗರು ಸೆಕೆಗೆ ಮಲಗುವುದೆಲ್ಲಿ? ಮಾಳಿಗೆಯ ಮೇಲೆ, ಟಾಂಕಿಯ ಪಕ್ಕದಲ್ಲೇ!

ಆದುದರಿಂದ ಸಂಘದ ಮುಂದೆ ಈ ಕೆಲಸಗಳನ್ನು ಇಡುತ್ತೇನೆ. ಪ್ರತಿ ಖೋಲಿಯವರು ವಾರಕ್ಕೊಂದು ಸಲ ಟಾಂಕಿ, ಪೀಪಾಯಿ ತೆರೆದು ನೋಡಿ ಮುಚ್ಚಳ ಬಿಗಿಯಲಿ. ವಾರದೊಳಗೆ ನೀರು ಚೆಲ್ಲಿದರೆ ಮರಿ ಸೊಳ್ಳೆಯಾಗುವ ಮುಂಚೆಯೇ ಸಾಯುತ್ತದೆ. ಮಲಗುವವರಿಗೆ ಸೊಳ್ಳೆಪರದೆ ಬೇಕೆಂದು ಮಾಲೀಕರನ್ನು ಕೇಳೋಣ. ಜ್ವರ ಬಂದ ದಿನವೇ ಪಾಲಿಕೆಯ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಕೊಡಬೇಕು. ಸರಕಾರಿ ಕೇಂದ್ರಗಳಲ್ಲಿ ಪರೀಕ್ಷೆಯೂ ಗುಳಿಗೆಯೂ ಪುಕ್ಕಟೆ. ಹೋಗಿಬರಲು ಅರ್ಧ ದಿನದ ಕೂಲಿ ಕಡಿಯಬಾರದು ಎಂಬುದು ನಮ್ಮ ಬೇಡಿಕೆಯ ಪಟ್ಟಿಗೆ ಸೇರಲಿ. ಜ್ವರ ಬಂದವನನ್ನು ಖೋಲಿಯಿಂದ ಹೊರಗೆ ಹಾಕಬೇಡಿ. ಮಲೇರಿಯಾ ಮುಟ್ಟಿದರೆ ಅಂಟುವುದಿಲ್ಲ. ಅವನನ್ನು ಪರದೆಯೊಳಗೆ ಮಲಗಿಸಿ, ಹದಿನಾಲ್ಕು ದಿನದ ಗುಳಿಗೆಯ ಲೆಕ್ಕವನ್ನು ಖೋಲಿಯ ಗೋಡೆಯ ಮೇಲೆ ಗೀಟು ಹಾಕಿ ಇಡಿ. ಹದಿನಾಲ್ಕನೆಯ ಗೀಟು ಬೀಳುವವರೆಗೆ ನೋಡಿಕೊಳ್ಳುವ ಹೊಣೆ ಪಕ್ಕದ ಹಾಸಿಗೆಯವನದು.

ನಮ್ಮ ಮೈ ತನ್ನ ಪಾಲಿನ ಕೆಲಸವನ್ನು ರಜೆಯಿಲ್ಲದೆ, ಸಂಬಳವಿಲ್ಲದೆ ಮಾಡುತ್ತಿದೆ. ಉಳಿದ ಪಾಲು ನಮ್ಮದು. ಈಗ ಪ್ರಶ್ನೆಗಳಿದ್ದರೆ ಕೇಳಿರಿ. ಪಾಳಿಗೆ ಹೊರಡಬೇಕಾದವರು, ದಯವಿಟ್ಟು ನಿಮ್ಮ ನಿಮ್ಮ ಖೋಲಿಯ ಟಾಂಕಿ ನೋಡುವವರ ಹೆಸರು ಬರೆಸಿಯೇ ಹೋಗಿ.